ಕೆಂಚಜ್ಜಿಯ ಬಿಸಿಲ ರಂಗೋಲಿ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈ ಪೂರ್ತಿ ಆರಿರಲಿಲ್ಲ. ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ಕಾಡಿನೊಳಗೆ ಬಿಸಿಲೇ ಬೀಳುತ್ತಿರಲಿಲ್ಲ. ಮರಗಳು ಎಲೆಗೆ ಎಲೆ ಒತ್ತಿಕೊಂಡು, ಒಂದೇ ಕಂಬಳಿ ಹೊದ್ದವರಂತೆ ನಿಂತಿದ್ದವು.

ಆ ಕಾಡಿನಲ್ಲಿ ಕೆಂಚಜ್ಜಿ ಎಂಬ ಮುದುಕಿ ಇದ್ದಳು. ಹಕ್ಕಿಗೂ ಅವಳೇ ಅಜ್ಜಿ, ಜಿಂಕೆಗೂ ಅವಳೇ ಅಜ್ಜಿ, ಮರಗಳಿಗೂ ಅವಳೇ ಅಜ್ಜಿ.

ಒಂದು ಬೆಳಿಗ್ಗೆ ಗೊರವಂಕ ಹಕ್ಕಿ ಹಾರಿ ಬಂತು. "ಅಜ್ಜೀ, ಅಜ್ಜೀ! ದೇವರು ತಾವು ಮಾಡಿದ ಲೋಕ ನೋಡೋಕೆ ಹೊರಟಿದ್ದಾರೆ! ಹೊಳೆಯನ್ನು ಹರಸಿದರು, ಬಯಲನ್ನು ಹರಸಿದರು, ಇನ್ನು ನಮ್ಮ ಕಾಡೇ! ಬಾಗಿಲಲ್ಲಿ ರಂಗೋಲಿ ಎಲ್ಲಿ?"

ಅಜ್ಜಿಗೆ ಗಾಬರಿಯಾಯಿತು. ರಂಗೋಲಿ ಇಲ್ಲದಿರುವುದು ಸಾವಿನ ಮನೆಯ ಮುಂದೆ. ಬರಿಯ ನೆಲ ಕಂಡು, "ಪಾಪ, ಇಲ್ಲಿ ಸೂತಕವಿರಬೇಕು" ಎಂದು ದೇವರು ಹಾಗೇ ಹೊರಟುಬಿಟ್ಟರೆ? ಕಾಡಿನ ಮಕ್ಕಳನ್ನು ಹರಸುವವರು ಯಾರು?

ಓಡಿಹೋಗಿ ಬಿಳಿ ಪುಡಿ ತಂದು ಹಾಕಿದಳು. ಆ ಕತ್ತಲಲ್ಲಿ ಅವಳು ಹಾಕಿದ್ದು ಅವಳಿಗೇ ಕಾಣಲಿಲ್ಲ.

"ಆಲದಪ್ಪಾ, ಸ್ವಲ್ಪ ಬಿಸಿಲು ಬಿಡೋ!"

"ಬಿಟ್ಟರೆ ಬುಡದ ಸಸಿಗಳು ಬಾಡುತ್ತವಲ್ಲ ಅಜ್ಜಿ?"

"ಅಷ್ಟೂ ಬಿಡು ಅಂದವರು ಯಾರು? ನಾನು ಎರಡು ಬೆರಳ ನಡುವಿಂದ ಪುಡಿ ಉದುರಿಸ್ತೀನಲ್ಲ, ಹಾಗೆ. ಚಿಟಿಕೆ ಚಿಟಿಕೆ."

ಆಲ ಎಲೆಗಳನ್ನು ಬೆರಳುಗಳಂತೆ ಒಂದಿಷ್ಟೇ ಸಡಿಲಿಸಿತು. ಅದನ್ನು ನೋಡಿ ಮಿಕ್ಕ ಮರಗಳೂ ಸಡಿಲಿಸಿದವು. ಕಪ್ಪು ನೆಲದ ಮೇಲೆ ಚಿಟಿಕೆ ಚಿಟಿಕೆಯಾಗಿ ಬಿಸಿಲು ಉದುರಿತು. ಎಲ್ಲೆಲ್ಲೂ ಹೊನ್ನಿನ ಚುಕ್ಕಿ! ಆ ಹೊಳಪಿನ ಮುಂದೆ ಅಜ್ಜಿಯ ಬಿಳಿ ಪುಡಿ ಮಾಸಿಹೋಯಿತು.

"ಚುಕ್ಕಿ ಆಯ್ತು, ಇನ್ನು ಗೆರೆ ಎಳೆದರೆ ಮುಗೀತು," ಎಂದು ಅಜ್ಜಿ ಸೆರಗು ಸಿಕ್ಕಿಸಿ ಬಗ್ಗಿದಳು. ಈ ಚುಕ್ಕಿಯಿಂದ ಆ ಚುಕ್ಕಿಗೆ ಬೆರಳೆಳೆದಳು. ಅಲ್ಲಿ ಚುಕ್ಕಿಯೇ ಇರಲಿಲ್ಲ. ತಿರುಗಿ ನೋಡಿದರೆ ಹೊರಟ ಚುಕ್ಕಿಯೂ ಇರಲಿಲ್ಲ!

"ಇದೇನಪ್ಪಾ? ಇಲ್ಲೇ ಇತ್ತಲ್ಲ? ಅಲ್ಲ, ಅಲ್ಲಿತ್ತೋ?"

"ಅಜ್ಜಿಗೆ ಅರಳುಮರಳು!" ಎಂದು ಗೊರವಂಕ ನಕ್ಕಿತು.

"ಗಾಳಿಯಣ್ಣಾ, ಕೊಂಬೆ ಅಲ್ಲಾಡಿಸಬೇಡವೋ, ನಿಂತುಕೋ!"

"ನಿಂತರೆ ನಾನು ಗಾಳಿ ಹೇಗಾದೇನು ಅಜ್ಜಿ?"

"ಸೂರ್ಯಪ್ಪಾ, ನೀನಾದರೂ ನಿಲ್ಲೋ!"

"ನಾನು ನಿಂತರೆ ಆಚೆ ಸೀಮೆಯವರಿಗೆ ಬೆಳಗಾಗೋದು ಹೇಗಜ್ಜಿ?"

ಅವರು ಹೇಳಿದ್ದೂ ಸರಿಯೇ. ತಾನು ಕೇಳಿದ್ದೂ ಸರಿಯೇ. ಹಾಗಾದರೆ ತಪ್ಪು ಯಾರದು? ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ಈ ಚುಕ್ಕಿ ಹಿಡಿದರೆ ಆ ಚುಕ್ಕಿ ಜಾರಿತು, ಆ ಚುಕ್ಕಿ ಹಿಡಿದರೆ ಈ ಚುಕ್ಕಿ ಜಾರಿತು.

ಅಷ್ಟರಲ್ಲಿ ದೇವರು ಬಂದೇಬಿಟ್ಟರು.

ಅಜ್ಜಿ ಕೈಮುಗಿದು ಅತ್ತಳು. "ಸ್ವಾಮೀ, ಇದು ಸೂತಕದ ಮನೆಯಲ್ಲ. ಎಲ್ಲರೂ ಚೆನ್ನಾಗಿದ್ದೇವೆ. ಗೆರೆ ಮಾತ್ರ ಕೂಡಲಿಲ್ಲ."

ದೇವರು ಒಳಗೆ ಬರಲು ಕಾಲೆತ್ತಿದರು. ರಂಗೋಲಿ ತುಳಿಯಬಾರದಲ್ಲ! ಖಾಲಿ ಜಾಗ ನೋಡಿ ಕಾಲಿಡಹೋದರು, ಅಲ್ಲಿಗೊಂದು ಚುಕ್ಕಿ ಓಡಿಬಂತು. ಪಕ್ಕಕ್ಕೆ ಸರಿದರು, ಅಲ್ಲಿಗೂ ಬಂತು. ಲೋಕವನ್ನೇ ಮಾಡಿದ ದೇವರು ಒಂಟಿಕಾಲಲ್ಲಿ ನಿಂತು ಯೋಚಿಸುವ ಹಾಗಾಯಿತು.

"ಎಲ್ಲಿಡಲಿ ಕೆಂಚಮ್ಮಾ ಕಾಲು?"

"ನನಗೂ ಗೊತ್ತಾಗ್ತಿಲ್ಲ ಸ್ವಾಮೀ!"

ಕೊನೆಗೆ ದೇವರು ಮೆಲ್ಲಗೆ ಕಾಲಿಟ್ಟೇಬಿಟ್ಟರು. ಅಜ್ಜಿ ಹೆದರಿ ಕಣ್ಣು ಮುಚ್ಚಿದಳು. ತೆರೆದು ನೋಡಿದರೆ ಚುಕ್ಕಿ ಪಾದದ ಕೆಳಗಿರಲಿಲ್ಲ. ಪೂಜೆಗಿಟ್ಟ ಹೂವಿನಂತೆ ಪಾದದ ಮೇಲೆ ಕೂತಿತ್ತು!

ದೇವರು ನಕ್ಕರು. ಕಾಡೆಲ್ಲ ನಕ್ಕಿತು.

"ಎಷ್ಟೋ ಬಾಗಿಲು ದಾಟಿ ಬಂದೆ. ಎದ್ದು ಬಂದು ಪಾದ ಹಿಡಿದ ರಂಗೋಲಿ ಇದೊಂದೇ. ಗೆರೆ ಎಳೆದು ಇದನ್ನು ನೆಲಕ್ಕೆ ಕಟ್ಟಬೇಡಮ್ಮಾ, ಹೀಗೇ ಇರಲಿ," ಎಂದು ಕಾಡಿನ ಮಕ್ಕಳನ್ನೆಲ್ಲ ಹರಸಿ ಹೋದರು.

ಕೆಂಚಜ್ಜಿಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ದೇವರು ಒಪ್ಪಿದರಲ್ಲ, ಅಷ್ಟು ಸಾಕು ಎಂದು ಸುಮ್ಮನಾಗಿದ್ದಾಳೆ.

ಅದಕ್ಕೇ ಕಂದಾ, ಇವತ್ತಿಗೂ ಮರದಡಿಯಲ್ಲಿ ಬಿಸಿಲು ಚುಕ್ಕಿ ಚುಕ್ಕಿಯಾಗಿಯೇ ಬೀಳುತ್ತದೆ. ನೀನು ಹೆದರದೆ ನಡೆ, ಅದು ನಿನ್ನ ಪುಟ್ಟ ಪಾದದ ಮೇಲೂ ಹತ್ತಿ ಕೂರುತ್ತದೆ.