ಸಣ್ಣೀರಿ ಬರೆಸಿದ ಕಟ್ಟಳೆ

"ಕೇಳಿರಯ್ಯಾ ಬೆಳ್ಗಲ್ಲು ನಾಡಿನ ಪ್ರಜೆಗಳೇ! ಹೆಂಡಕ್ಕೂ ಮಾಂಸಕ್ಕೂ ಹೊಸ ಕಟ್ಟಳೆ ಬರೆಯಬೇಕಾಗಿದೆ. ರಾಜಕುಮಾರಿ ಪದ್ಮಲದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರ ಮಾತೇ ಕಟ್ಟಳೆ, ಅವರು ಬೇಡಿದ್ದೇ ಬಹುಮಾನ. ಒಂದು ತಪ್ಪಿದರೂ ತಲೆದಂಡ!"

ಡಂಗುರದವನು ಹೀಗೆ ಸಾರುತ್ತ ಹೋದಾಗ ಸಣ್ಣೀರಿ ಕುರಿ ಕಡಿಯುವ ಕೊಟ್ಟಿಗೆಯ ನೆಲ ತೊಳೆಯುತ್ತಿದ್ದಳು. ಅದೇ ಅವಳ ದಿನದ ಕೆಲಸ. ಗಂಡ ಬೈಲಪ್ಪ ಈಚಲು ಮರ ಹತ್ತಿ ಹೆಂಡ ಇಳಿಸುವವನು. ಎರಡು ವರ್ಷದ ಕೆಳಗೆ ಕುಡಿದವರ ಜಗಳದಲ್ಲಿ ನಾಲ್ಕು ಹೆಣ ಬಿದ್ದಾಗ ರಾಜ ಅಂಗಡಿಗಳನ್ನು ಮುಚ್ಚಿಸಿ, ಮರ ಹತ್ತುವ ಗಂಡಸರನ್ನೆಲ್ಲ ಹೊಳೆಯಾಚೆಗೆ ಅಟ್ಟಿದ್ದ. ದೋಣಿಗಳನ್ನು ದಡಕ್ಕೆ ಎಳೆಸಿ ಕಾವಲು ಹಾಕಿಸಿದ್ದ. ಅಂದಿನಿಂದ ಸಣ್ಣೀರಿ ದಿನಾ ಸಂಜೆ ಹೊಳೆಯ ದಡದಲ್ಲಿ ನಿಲ್ಲುತ್ತಿದ್ದಳು. ಆಚೆ ಯಾರಾದರೂ ಕೆಮ್ಮಿದರೆ ಅವನೇ ಅನ್ನಿಸುತ್ತಿತ್ತು. ಉಣ್ಣುವಾಗ ಈಗಲೂ ಅವನ ಜಾಗ ಬಿಟ್ಟೇ ಕೂರುತ್ತಿದ್ದಳು.

"ನಾನು ಅರಮನೆಗೆ ಹೋಗ್ತೀನಿ ಅತ್ತೆ," ಎಂದಳು ಮನೆಗೆ ಬಂದು.

ಬೈಲಪ್ಪನ ತಾಯಿ ಹೌಹಾರಿದಳು. "ಬ್ಯಾಡ ಕಣೆ! ಮಗ ಆಚೆ ದಡದಲ್ಲವ್ನೆ. ನೀನೂ ಹೋದ್ರೆ ನಾನು ಯಾರ ಮುಖ ನೋಡ್ಲಿ?"

"ಅವರ ಮುಖ ನೋಡೋಕೇ ಹೋಗ್ತಿರೋದು."

ಆಸ್ಥಾನ ಕಿಕ್ಕಿರಿದಿತ್ತು. ಹೋದ ತಿಂಗಳಷ್ಟೇ ಯುವರಾಜ ಕಳ್ಳಭಟ್ಟಿ ಕುಡಿದು ಸತ್ತಿದ್ದ. ಅದರ ಬೆನ್ನಿಗೇ ಊರಲ್ಲಿ ವಾಂತಿಭೇದಿ ಹಬ್ಬಿತ್ತು. ಕುಡಿಯುವವರನ್ನು ಇನ್ನೂ ಬಿಗಿ ಮಾಡಿ ಎಂದು ಅರ್ಧ ಸಭೆ, ಮಾಂಸವನ್ನೇ ನಿಲ್ಲಿಸಿ ಎಂದು ಇನ್ನರ್ಧ. ರಾಜ ದೇವಪಾಲ ಏನೂ ತೋಚದೆ ಮಗಳತ್ತ ನೋಡಿದ.

ಪದ್ಮಲದೇವಿ ಮೊದಲನೆಯದನ್ನು ಕೇಳಿದಳು. "ಮುಂಜಾನೆ ಹುಟ್ಟಿದಾಗ ಹಾಲಿನಷ್ಟು ಸಾಧು. ಸಂಜೆಗೆ ಅಣ್ಣತಮ್ಮಂದಿರ ಕೈಗೆ ಕತ್ತಿ ಕೊಡುತ್ತದೆ. ಅದನ್ನು ಕೆಡಿಸಿದವರು ಯಾರು?"

ಹಿಂದೆ ಹೆಂಡದಂಗಡಿಗಳ ಗುತ್ತಿಗೆ ಹಿಡಿದಿದ್ದ ಸಾವುಕಾರ ಮುಂದೆ ಬಂದ. "ಅದು ಹೆಂಡ. ಕೆಡಿಸಿದವನು ಮರದಿಂದ ಇಳಿಸಿದವನು!"

"ತಪ್ಪು," ಎಂದಳು ರಾಜಕುಮಾರಿ. ಭಟರು ಅವನನ್ನು ತಲೆದಂಡಕ್ಕೆಂದು ಕಂಬಕ್ಕೆ ಕಟ್ಟಿದರು.

ಅರಮನೆಯ ವೈದ್ಯಪಂಡಿತರು ಎದ್ದರು. "ಕೆಡಿಸಿದ್ದು ಹೊತ್ತು."

"ಸರಿ. ಎರಡನೆಯದು ಕೇಳಿ. ನಾಲ್ಕು ಕಾಲಲ್ಲಿ ನಡೆಯುತ್ತಿದ್ದದ್ದು ಸತ್ತ ಮೇಲೆ ಆರು ಕಾಲಲ್ಲಿ ಬಂದು, ಮಾಂಸ ಮುಟ್ಟದವನ ಎಲೆಯ ಮೇಲೂ ಕೂತಿತು. ಏನದು?"

ಪಂಡಿತರು ಗಡ್ಡ ನೀವಿಕೊಂಡರು. "ಮಾಂಸ ತಿಂದವರ ಪಾಪ. ಆರು ಕಾಲೆಂದರೆ ಕಾಮ ಕ್ರೋಧಾದಿ ಅರಿಷಡ್ವರ್ಗಗಳು."

ಅವರನ್ನೂ ಕಟ್ಟಿದರು. ಆಮೇಲೆ ಯಾರೂ ಏಳಲಿಲ್ಲ. ಸಣ್ಣೀರಿ ಸೆರಗು ಬಿಗಿದುಕೊಂಡು ಮುಂದೆ ಬಂದಾಗ ಸಭೆಯಲ್ಲಿ ಕೆಲವರು ಮೂಗು ಮುಚ್ಚಿಕೊಂಡರು.

"ಮೊದಲನೆಯದರ ಉತ್ತರ ಎಲ್ಲರೂ ಕೇಳಿದ್ದಾರೆ. ನೀನು ಅದನ್ನು ಬಿಡಿಸಿ ಹೇಳು," ಎಂದಳು ಪದ್ಮಲದೇವಿ.

"ನನ್ನ ಗಂಡ ಮುಂಜಾನೆ ಇಳಿಸಿದ್ದನ್ನ ನನ್ನ ಬೊಗಸೆಗೆ ಹುಯ್ಯೋರು ಅಮ್ಮಣ್ಣಿ. ಕಬ್ಬಿನ ಹಾಲಿನ ಹಾಗಿರೋದು. ಬಿಸಿಲೇರಿದ ಹಾಗೆ ನೊರೆಯೆದ್ದು ಹುಳಿಯಾಗೋದು. ಸಾವುಕಾರರ ಅಂಗಡೀಲಿ ಅದು ಸಂಜೆ ತನಕ ಕೂತಿರೋದು. ಕಾದು ಕೂತರೆ ಎಂಥದ್ದೂ ಹುಳಿಯಾಗ್ತದೆ." "ಎರಡನೇದು ನಮ್ಮ ಕೊಟ್ಟಿಗೇಲಿ ಕಡಿದ ಕುರಿಯ ಕೊಳಕು. ನೊಣದ ಆರು ಕಾಲಿಗೆ ಅಂಟಿಕೊಂಡು ಬರ್ತದೆ. ಕರುಳು, ತೊಳೆದ ನೀರು ಎಲ್ಲಾ ಸಿಹಿನೀರ ಬಾವಿ ಪಕ್ಕದ ಹಳ್ಳದಲ್ಲೇ ನಿಲ್ತದೆ. ವಾಂತಿಭೇದಿ ಮೊದಲು ಹತ್ತಿದ್ದು ನಮ್ಮ ಕೇರಿಗಲ್ಲ, ಆ ಬಾವಿ ಹತ್ತಿರದ ಪಂಡಿತರ ಬೀದಿಗೆ."

"ನಿಜವೇ?" ಎಂದು ರಾಜ ಕೇಳಿದ.

ಕಂಬದಲ್ಲಿದ್ದ ಪಂಡಿತರು ತಲೆ ತಗ್ಗಿಸಿದರು. "ನಿಜ, ಮಹಾಸ್ವಾಮಿ."

ಮೂರನೆಯದನ್ನು ಕೇಳುವಾಗ ರಾಜಕುಮಾರಿಯ ದನಿ ಕುಗ್ಗಿತು. "ಬಾಗಿಲು ಹಾಕಿದಷ್ಟೂ ಒಳಗೆ ಬೆಳೆಯುತ್ತದೆ. ದೂರ ಅಟ್ಟಿದಷ್ಟೂ ಹತ್ತಿರ ಬರುತ್ತದೆ. ರಾಜಾಜ್ಞೆಗೆ ಬಗ್ಗುವುದಿಲ್ಲ. ಏನದು?"

ಸಣ್ಣೀರಿಗೆ ಹೊಳೆಯಲಿಲ್ಲ. ಕತ್ತಲೆ ಇರಬಹುದೇ? ಹೊಗೆಯೇ? ಯಾವುದೂ ಕೂಡಿಬರಲಿಲ್ಲ. ಕತ್ತಿ ಹಿಡಿದವನು ಒಂದು ಹೆಜ್ಜೆ ಹತ್ತಿರ ಬಂದ.

"ನನಗೆ ಗೊತ್ತಾಗ್ತಿಲ್ಲ," ಎಂದು ಅವಳು ತನ್ನಷ್ಟಕ್ಕೇ ಗೊಣಗಿದಳು. "ಸಾಯೋ ಮುಂಚೆ ಅವರನ್ನ ಒಂದೇ ಒಂದು ಸಲ ನೋಡ್ಬೇಕು. ಎರಡು ವರ್ಷದಿಂದ ಅದೊಂದೇ ಹಂಬಲ..." ಮಾತು ಅಲ್ಲೇ ನಿಂತಿತು. ಅವಳು ತಲೆಯೆತ್ತಿದಳು. "ಹಂಬಲ, ಅಮ್ಮಣ್ಣಿ! ಹಂಬಲವೇ! ನನ್ನ ಗಂಡನ್ನ ಹೊಳೆ ದಾಟಿಸಿದಿರಿ, ನನ್ನ ಎದೆಯಿಂದ ದಾಟಿಸೋಕಾಗಲಿಲ್ಲ. ಅಂಗಡಿ ಮುಚ್ಚಿಸಿದಿರಿ, ಕುಡಿಯೋರ ಹಂಬಲ ಮುಚ್ಚಲಿಲ್ಲ. ಹಿತ್ತಲಲ್ಲಿ ಕದ್ದು ಕಳ್ಳಭಟ್ಟಿ ಕಾಸಿದರು. ಯುವರಾಜರು ಕುಡಿದದ್ದೂ ಅದನ್ನೇ."

ಪದ್ಮಲದೇವಿ ಪೀಠದಿಂದ ಇಳಿದು ಬಂದಳು. "ನನ್ನ ತಮ್ಮನ ಕೋಣೆಗೆ ಅಗಳಿ ಹಾಕಿಸಿದವಳು ನಾನೇ. ಒಳಗಿದ್ದರೆ ಉಳಿಯುತ್ತಾನೆ ಅಂದುಕೊಂಡೆ. ಕಿಟಕಿಯಿಂದ ತರಿಸಿಕೊಂಡು ಕುಡಿದ," ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಕಟ್ಟಳೆ ಹೇಳು. ಬರೆಯುತ್ತಾರೆ," ಎಂದಳು.

"ಇಳಿಸಿದ್ದನ್ನ ಬಿಸಿಲೇರೋ ಮುಂಚೆ ಮರದ ಬುಡದಲ್ಲೇ ಮಾರಲಿ, ಮಿಕ್ಕದ್ದನ್ನ ಬೆಲ್ಲ ಕಾಸಲಿ. ಕೊಟ್ಟಿಗೆ ಬಾವಿಯಿಂದ ದೂರ ಊರಾಚೆಗೆ ಹೋಗಲಿ. ಕರುಳು ಹೂಳಲಿ, ಮಾಂಸದ ಮೇಲೆ ಬಟ್ಟೆ ಮುಚ್ಚಲಿ. ಕುಡಿತ ಬಿಡಲಾರದೋರಿಗೆ ಅಗಳಿ ಬೇಡ. ಪಂಡಿತರು ಪಕ್ಕದಲ್ಲಿ ಕೂತು ಬಿಡಿಸಲಿ."

"ನಿನಗೇನು ಬೇಕು?"

"ಈ ಇಬ್ಬರನ್ನ ಬಿಟ್ಟುಬಿಡಿ, ಅವರಿಗೂ ಮನೇಲಿ ಕಾಯೋರಿದ್ದಾರೆ. ಆಮೇಲೆ ದೋಣಿ ಬಿಡಿಸಿ."

ಮರುದಿನ ಬೆಳಿಗ್ಗೆ ದೋಣಿಗಳು ಹೋಗಿ ಬಂದವು. ಮೂರನೆಯ ದೋಣಿಯಿಂದ ಬೈಲಪ್ಪ ಇಳಿದ. ಗಡ್ಡ ಬೆಳೆದು ಕೆನ್ನೆ ಒಳಸೇರಿತ್ತು. "ಯಾಕೆ ಸಣ್ಣೀ, ಇಷ್ಟು ಸೊರಗಿದ್ದೀಯ?" ಎಂದ. ಅವಳು ಅವನ ಎದೆಗೆ ಮುಷ್ಟಿಯಿಂದ ಗುದ್ದಿ, ಅಲ್ಲೇ ಹಣೆಯಿಟ್ಟು ಅತ್ತಳು.

ಪದ್ಮಲದೇವಿಯೂ ಬಂದಿದ್ದಳು, ಹೆಂಗಸರ ಗುಂಪಿನಿಂದ ಸ್ವಲ್ಪ ದೂರದಲ್ಲಿ. ದೋಣಿಯಿಂದ ಇಳಿದ ಒಬ್ಬೊಬ್ಬರ ಮುಖವನ್ನೂ ತಮ್ಮನನ್ನು ಹುಡುಕುವಂತೆ ನೋಡುತ್ತಿದ್ದಳು.

ಕೊನೆಯ ದೋಣಿ ಖಾಲಿಯಾದಾಗ ಅಂಬಿಗ ಕೈಮುಗಿದ. "ಇನ್ನು ಯಾರೂ ಇಲ್ಲ, ಅಮ್ಮಣ್ಣಿ."

"ಗೊತ್ತು," ಎಂದಳು ಅವಳು. ಆದರೆ ಹೊರಡಲಿಲ್ಲ.

ಸಣ್ಣೀರಿ ಗಂಡನ ಕೈಬಿಟ್ಟು ಬಂದು ಅವಳ ಪಕ್ಕದಲ್ಲಿ ನಿಂತಳು.