ಅರಗಿನ ಮೊಹರು ಹಾಕಿದ ಜನರೇಟರ್

ಒಂದು ಊರಿನ ಆಸ್ಪತ್ರೆಯವರು ತಮ್ಮ ಕಾವಲುಗಾರನನ್ನು ಕಳ್ಳನೆಂದುಕೊಂಡು, ಜನರೇಟರಿನ ಪೆಟ್ರೋಲ್ ಟ್ಯಾಂಕಿಗೆ ಅರಗಿನ ಮೊಹರು ಹಾಕಿದರು. ಅದು ತಪ್ಪು. ತಪ್ಪು ಮಾಡಿದವರು ಓದಿದವರು, ಮೊಹರು ಇಟ್ಟುಕೊಂಡವರು, ಸಹಿ ಮಾಡಬಲ್ಲವರು. ಅದರ ಭಾರ ಹೊತ್ತವನು ಹಗ್ಗ ಎಳೆಯುವವನು. ಹೇಗೆಂದು ಕೇಳಿ.

ಅದು ಎಂಟು ಹಾಸಿಗೆಯ ಹೆರಿಗೆ ಆಸ್ಪತ್ರೆ. ಊರವರದೇ ಕಮಿಟಿ ಅದನ್ನು ನಡೆಸುತ್ತಿತ್ತು. ಎತ್ತರದ ಬಯಲಿನ ಊರು. ಪುಷ್ಯ ಮಾಸದ ಬೆಳಗಿನಲ್ಲಿ ಬಕೆಟ್ಟಿನ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳಿಗಾಗಿ ಅಲ್ಲಿ ಒಂದು ವಾರ್ಮರ್ ಇತ್ತು. ತೊಟ್ಟಿಲಿನಂಥ ಮೇಜು, ಅದರ ಮೇಲೊಂದು ಕಾಯುವ ಸರಳು. ಕರೆಂಟು ಇದ್ದರೆ ಅದು ಕೂಸಿಗೆ ಬಿಸಿಲು. ಕರೆಂಟು ಹೋದರೆ ಬರೀ ತಗಡು. ಅದಕ್ಕೆಂದೇ ಹಿತ್ತಲಿನ ಶೆಡ್ಡಿನಲ್ಲಿ ಒಂದು ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟಿದ್ದರು.

ಅದನ್ನು ಚಾಲೂ ಮಾಡುವ ಕೆಲಸ ಕಾವಲುಗಾರ ಸಾಯಬಣ್ಣನದು. ಕಮಿಟಿಯ ಕಾರ್ಯದರ್ಶಿ ವೈಜನಾಥಪ್ಪನಿಗೆ ಅವನ ಮೇಲೆ ಅನುಮಾನ. ಪೆಟ್ರೋಲ್ ಬೇಗ ಮುಗಿಯುತ್ತಿದೆ ಎಂದು ಯಾರೋ ಅಂದಿದ್ದರು. ಯಾರು ಅಂದರು, ಏನು ನೋಡಿ ಅಂದರು ಎಂದು ಒಬ್ಬರೂ ಕೇಳಲಿಲ್ಲ. ಟ್ಯಾಂಕಿನ ಮುಚ್ಚಳಕ್ಕೆ ಬಟ್ಟೆ ಸುತ್ತಿಸಿ, ದಾರ ಬಿಗಿಸಿ, ಆಫೀಸಿನಲ್ಲಿ ಕರಗಿಸಿ ತಂದ ಕೆಂಪು ಅರಗನ್ನು ಮೇಲೆ ಸುರಿಸಿ, ಕಾರ್ಯದರ್ಶಿ ತನ್ನ ಕೈಯಾರೆ ಹಿತ್ತಾಳೆಯ ಮೊಹರು ಒತ್ತಿದ. ಇಬ್ಬರು ಸಾಕ್ಷಿಗಳಿಲ್ಲದೆ ಇದನ್ನು ತೆಗೆಯಕೂಡದು ಎಂದು ಗೋಡೆಗೆ ಬರೆಸಿದ. ತಿಂಗಳಿಗೊಮ್ಮೆ ಮಧ್ಯಾಹ್ನದ ಹೊತ್ತು ತಾನೇ ನಿಂತು ಪೆಟ್ರೋಲ್ ತುಂಬಿಸುತ್ತಿದ್ದ. ಮತ್ತೆ ಅರಗು ಹಾಕಿಸುತ್ತಿದ್ದ.

ಆ ಚಳಿಗಾಲದಲ್ಲಿ ಜನರೇಟರ್ ಬೆಳಗಿನ ಹೊತ್ತು ಚಾಲೂ ಆಗುವುದನ್ನೇ ಬಿಟ್ಟಿತು.

"ಸಾಹೇಬ್ರ, ಆರು ಗಂಟೆಗಿ ಇದು ಚಾಲೂ ಆಗವಲ್ದು. ಎಳದು ಎಳದು ಭುಜ ಬಾತದ," ಎಂದ ಸಾಯಬಣ್ಣ.

ಕಾರ್ಯದರ್ಶಿ ಪರೀಕ್ಷೆ ಮಾಡಲು ಬಂದ. ಬಂದದ್ದು ಹನ್ನೊಂದು ಗಂಟೆಗೆ. ಶೆಡ್ಡಿನ ತಗಡು ಬಿಸಿಲಿಗೆ ಕಾದಿತ್ತು. ತಾನೇ ಹಗ್ಗ ಹಿಡಿದು ಎಳೆದ. ಎರಡನೆಯ ಎಳೆತಕ್ಕೆ ಜನರೇಟರ್ ಗುರ್ರೆಂದಿತು. ಐದು ನಿಮಿಷ ಓಡಿಸಿ ಬಂದ್ ಮಾಡಿದ.

"ಮಷೀನಿಗಿ ಏನೂ ಆಗಿಲ್ಲ ನೋಡೋ. ಚಳಿ ಬಂದಿದ್ದು ನಿನಗ. ಕಂಬಳಿ ಬಿಟ್ಟು ಎದ್ದು ಎಳಿ."

ಸುತ್ತ ನಿಂತವರು ನಕ್ಕರು.

ಅದೇ ಚಳಿಗಾಲದ ಒಂದು ಬೆಳಗ್ಗೆ ಕರೆಂಟು ಹೋಯಿತು. ಸಾಯಬಣ್ಣ ಎಳೆದ, ಎಳೆದ. ಜನರೇಟರ್ ಚಾಲೂ ಆಗಲಿಲ್ಲ. ವಾರ್ಮರಿನಲ್ಲಿದ್ದ ಹೆಣ್ಣುಕೂಸು ತಣ್ಣಗಾಯಿತು, ಉಳಿಯಲಿಲ್ಲ. ಸಾಯಬಣ್ಣನ ಕೈಯಲ್ಲಿ ಹೋದ ಕೂಸು ಎಂದು ಊರು ಆಡಿಕೊಂಡಿತು. ಸಾಯಬಣ್ಣನೂ ಹಾಗೆಯೇ ನಂಬಿದ. ಆ ಕೂಸಿನ ಮನೆಯ ಓಣಿಯಲ್ಲಿ ಅವನು ಮತ್ತೆ ಕಾಲಿಡಲಿಲ್ಲ. ಸಂತೆಗೆ ಹೋಗುವಾಗಲೂ ಸುತ್ತಿ ಬಳಸಿ ಹೋಗುತ್ತಿದ್ದ.

ಒಂದು ವರ್ಷ ಕಳೆಯಿತು. ಅರಗು ಹಾಗೇ ಇತ್ತು.

ಮತ್ತೆ ಪುಷ್ಯ ಮಾಸ. ಝರೆಮ್ಮನ ಮಗಳು ಪುತಳಾ ಎಂಟನೇ ತಿಂಗಳಿಗೇ ಹೆತ್ತಳು. ಗಂಡುಕೂಸು, ಅಂಗೈಯಷ್ಟು. ಝರೆಮ್ಮ ಬಸ್ ನಿಲ್ದಾಣದ ಎದುರು ಕಬ್ಬಿನ ಹಾಲು ಮಾರುವವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳ ಗಾಡಿಯ ಗಾಣ ತಿರುಗುವುದು ಇಂಥದೇ ಒಂದು ಸಣ್ಣ ಪೆಟ್ರೋಲ್ ಎಂಜಿನ್ನಿನಿಂದ. ಅದು ಕೆಟ್ಟ ದಿನ ಅವಳ ಒಲೆ ಉರಿಯುವುದಿಲ್ಲ. ಆದ್ದರಿಂದ ಅದರ ಒಂದೊಂದು ನಟ್ಟೂ ಅವಳಿಗೆ ಗೊತ್ತು.

ಕೂಸು ಹುಟ್ಟಿದ ಮರುದಿನ, ಬೆಳಗ್ಗೆ ಆರು ಗಂಟೆ. ಹೊರಗೆ ಮಂಜು. ಕರೆಂಟು ಹೋಯಿತು. ವಾರ್ಮರ್ ಕಪ್ಪಾಯಿತು.

ಸಿಸ್ಟರ್ ಮಾರ್ಥಾ ಕೂಸನ್ನು ಎತ್ತಿ ತಾಯಿಯ ಎದೆಗೆ ಹಾಕಿ, ಮೇಲೆ ಹತ್ತಿಯನ್ನೂ ಕಂಬಳಿಯನ್ನೂ ಹೊದಿಸಿದಳು. ಆದರೆ ರಕ್ತ ಹೋಗಿ ಪುತಳಾ ತಾನೇ ಗಡಗಡ ನಡುಗುತ್ತಿದ್ದಳು. ಆ ಎದೆಯಲ್ಲಿ ಕೂಸಿಗೆ ಕೊಡುವಷ್ಟು ಬಿಸಿ ಇರಲಿಲ್ಲ.

ಮಾರ್ಥಾ ಹಿತ್ತಲ ಬಾಗಿಲಿಗೆ ಬಂದಳು. "ಸಾಯಬಣ್ಣಾ, ಕೂಸಿನ ಕಾಲು ತಣ್ಣಗ ಆಗ್ಲಿಕತ್ತಾವ. ಲಗೂ ಮಾಡು."

ಸಾಯಬಣ್ಣ ಹಗ್ಗ ಎಳೆದ. ಎಂಜಿನ್ ಎರಡು ಸಲ ಕೆಮ್ಮಿತು, ನಿಂತಿತು. ಆಮೇಲೆ ಎಷ್ಟು ಎಳೆದರೂ ಕೆಮ್ಮು ಕೂಡ ಬರಲಿಲ್ಲ. ಮಗಳ ಹಾಸಿಗೆಯ ಬಳಿಯಿದ್ದ ಝರೆಮ್ಮ ಓಡಿಬಂದಳು.

"ಹ್ವಾದ ವರ್ಷನೂ ಹಿಂಗೇ ಆಗಿತ್ತು ತಂಗಿ," ಎಂದ. "ಇದಕ್ಕ ಚಳಿ ತಡಿಯಂಗಿಲ್ಲ."

"ನನ್ನ ಗಾಡಿ ಇದೇ ಚಳಿಯಾಗೇ ನಿಂತಿರ್ತದ, ಅದು ಚಾಲೂ ಆಗ್ತದ. ಸರಿ ಅತ್ಲಾಗ. ಪಾನಾ ಎಲ್ಲದ?"

ನಟ್ಟು ತಿರುವುವ ಆ ಪಾನಾ ಹಾಕಿ, ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿದಳು. ಅದನ್ನು ಮತ್ತೆ ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು, ಎಳಿ ಎಂದಳು. ನೀಲಿ ಕಿಡಿ ಹಾರಿತು.

"ಕಿಡಿ ಅದ." ಪ್ಲಗ್ಗಿನ ತುದಿಯನ್ನು ಹೆಬ್ಬೆರಳಿಗೆ ಒರೆಸಿ ಮೂಸಿದಳು. "ನೋಡಿಲ್ಲಿ. ಚೋಕ್ ಹಾಕಿ ಇಷ್ಟು ಎಳದೀದಿ. ಇದು ಪೆಟ್ರೋಲಿನಾಗ ತೊಯ್ದು ತೊಪ್ಪಿ ಆಗಬೇಕಿತ್ತು. ಒಣಾ ಖಡಕ್ ಅದ. ಪೆಟ್ರೋಲ್ ಕೆಳಗ ಇಳದಿಲ್ಲ."

"ಟಾಕಿ ತುಂಬ್ಯಾದಲ್ಲ?"

"ತುಂಬಿದ್ರೇನು, ಹೊರಗ ಬರಬೇಕಲ್ಲ."

ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಳ ನೋಡಿದಳು. ತೆರೆದೇ ಇತ್ತು. ಕೈ ಮೇಲೆ ಹೋಗಿ ಮುಚ್ಚಳಕ್ಕೆ ತಾಗಿತು. ಬಟ್ಟೆ, ದಾರ, ಅರಗು.

"ಇದೇನಿದು, ಮದಲಗಿತ್ತಿಗಿ ಮುಸುಕು ಹಾಕ್ದಂಗ ಹಾಕ್ಯಾರ?"

"ಸೀಲು. ನಾ ಕದೀತೀನಂತ ಹಾಕ್ಯಾರ."

ಝರೆಮ್ಮ ಅರಗನ್ನು ಉಗುರಿನಿಂದ ಕೆರೆದು ನೋಡಿದಳು.

"ಅಣ್ಣಾ, ಈ ಮುಚ್ಚಳಕ್ಕ ಒಂದು ತೂತು ಇರ್ತದ. ಸೂಜಿಯಷ್ಟು. ಅದರಾಗಿಂದ ಗಾಳಿ ಒಳಗ ಹೋದ್ರನೇ ಪೆಟ್ರೋಲ್ ಕೆಳಗ ಇಳೀತದ. ನನ್ನ ಗಾಡೀದು ಕಬ್ಬಿನ ಹಾಲು ಸಿಡದು ಮೆತ್ತಿಕೊಂಡು ಎರಡು ದಿನ ನಿಂತಿತ್ತು. ಇವ್ರು ಅರಗು ಹಾಕಿ ಮುಚ್ಯಾರ."

ನೆಲದ ಮೇಲಿನ ಕಲ್ಲೊಂದನ್ನು ಎತ್ತಿಕೊಂಡಳು. ಸಾಯಬಣ್ಣ ಅವಳ ಮುಂಗೈ ಹಿಡಿದ.

"ಬ್ಯಾಡ ತಂಗಿ. ಇಬ್ಬರು ಸಾಕ್ಷಿ ಬೇಕು. ಗ್ವಾಡಿ ಮ್ಯಾಲ ಬರ್ದಾರ. ಸೀಲು ಒಡದ್ರ ನಾ ಕಳ್ಳ ಅಂಬೋದು ಖರೇ ಆಗ್ತದ."

"ಒಬ್ಬ ಸಾಕ್ಷಿ ಒಳಗ ತಣ್ಣಗ ಆಗ್ಲಿಕತ್ತಾನ. ಇನ್ನೊಬ್ಬಾಕಿ ಅವನ ತಾಯಿ. ಸಾಲ್ತದೇನು?"

ಸಾಯಬಣ್ಣ ಗೋಡೆಯ ಬರಹ ನೋಡಿದ. ಹಿತ್ತಲ ಬಾಗಿಲು ನೋಡಿದ. ಅವಳ ಕೈ ಬಿಟ್ಟು, ತನ್ನ ಕೈ ಚಾಚಿದ.

"ಕಲ್ಲು ಇಲ್ಲಿ ಕೊಡು. ಕಳ್ಳ ಅನಿಸಿಕೊಂಡಾಗ್ಯಾದ. ಒಡದವನೂ ನಾನೇ ಆಗ್ತೀನಿ."

ಅರಗು ಎರಡೇ ಪೆಟ್ಟಿಗೆ ಪುಡಿಯಾಯಿತು. ದಾರ ಹರಿದ, ಬಟ್ಟೆ ಕಿತ್ತ, ಮುಚ್ಚಳ ತಿರುವಿದ. ಸುಂಯ್ ಎಂದು ಒಂದು ಸದ್ದು ಬಂತು. ಟ್ಯಾಂಕು ಹೊರಗಿನ ಗಾಳಿಯನ್ನು ಉದ್ದಕ್ಕೆ ಒಳಗೆಳೆದುಕೊಂಡಿತು. ನೀರಿನಲ್ಲಿ ಮುಳುಗಿದ್ದವನು ಮೇಲೆ ಬಂದು ಉಸಿರೆಳೆದ ಹಾಗೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಝರೆಮ್ಮ ಪ್ಲಗ್ಗು ಹಾಕಿ ಬಿಗಿದಳು. ಪೆಟ್ರೋಲ್ ಇಳಿಯಲು ಸ್ವಲ್ಪ ತಡೆದರು. ಸಾಯಬಣ್ಣ ಹಗ್ಗ ಎಳೆದ. ಒಂದು. ಎರಡು. ಮೂರನೆಯದಕ್ಕೆ ಎಂಜಿನ್ ಹಿಡಿಯಿತು. ಒಳಗೆ ವಾರ್ಮರಿನ ಸರಳು ಕೆಂಪಾಯಿತು. ಒಂದು ತಾಸಿನ ಮೇಲೆ ಕೂಸು ಅತ್ತಿತು.

ಎಂಟೂವರೆಗೆ ಕಾರ್ಯದರ್ಶಿ ಬಂದ. ಕೊರಳಿಗೆ ಮಫ್ಲರ್. ಜನರೇಟರ್ ಓಡುತ್ತಿತ್ತು. ನೆಲದಲ್ಲಿ ಕೆಂಪು ಅರಗಿನ ಚೂರು ಬಿದ್ದಿದ್ದವು. ಅವನ ಕಣ್ಣು ಮೊದಲು ಚೂರುಗಳ ಮೇಲೆ ಹೋಯಿತು.

"ಸೀಲು ಒಡದವ್ರು ಯಾರು?"

"ಕೂಸು ಉಳದದ ಸರ್," ಎಂದಳು ಮಾರ್ಥಾ.

"ಅದು ಆಮ್ಯಾಲ. ಸೀಲು ಯಾರು ಒಡದ್ರು ಅಂತ ಕೇಳೀನಿ."

ಈ ಮಾತನ್ನು ಇನ್ನೊಮ್ಮೆ ಓದಿ. ಒಬ್ಬ ಮನುಷ್ಯ, ಇಬ್ಬರು ಮಕ್ಕಳ ತಂದೆ, ಆಸ್ಪತ್ರೆಯೊಳಗೆ ನಿಂತು ಆಡಿದ ಮಾತು ಇದು.

"ನಾನೇ ಒಡದೀನಿ," ಎಂದ ಸಾಯಬಣ್ಣ.

ಝರೆಮ್ಮ ಟ್ಯಾಂಕಿನ ಮೇಲೆ ಸಡಿಲವಾಗಿ ಇಟ್ಟಿದ್ದ ಮುಚ್ಚಳವನ್ನು ತೆಗೆದು ಕಾರ್ಯದರ್ಶಿಯ ಅಂಗೈಯಲ್ಲಿ ಇಟ್ಟಳು. "ಈ ತೂತು ನೋಡ್ರಿ. ಒಳಗ ಇನ್ನೂ ಬಟ್ಟಿ ದಾಟಿ ಇಳದ ನಿಮ್ಮ ಅರಗು ಅದ. ನೀವು ಮಧ್ಯಾನ್ಹ ಬಿಸಿಲಾಗ ಸೀಲು ಹಾಕ್ತೀರಿ. ರಾತ್ರಿ ಚಳಿಗಿ ಟಾಕಿಯೊಳಗಿನ ಗಾಳಿ ಕುಗ್ತದ, ಹೊಸ ಗಾಳಿ ಬರ್ಲಿಕ್ಕ ಹಾದಿ ಇಲ್ಲ, ಪೆಟ್ರೋಲ್ ಮ್ಯಾಲೇ ಕಚ್ಚಿಕೊಂಡು ಕುಂದ್ರತದ. ಹನ್ನೊಂದಕ್ಕ ತಗಡು ಕಾದ್ರ ಗಾಳಿ ಉಬ್ಬಿ ಕೆಳಗ ತಳ್ಳತದ. ಅದಕ್ಕೇ ನಿಮಗ ಚಾಲೂ ಆಯ್ತು. ಇವನಿಗಿ ಆಗ್ಲಿಲ್ಲ. ಮಷೀನೂ ಸುಳ್ಳು ಹೇಳಿಲ್ಲ, ಇವನೂ ಹೇಳಿಲ್ಲ."

ಕಾರ್ಯದರ್ಶಿ ಮುಚ್ಚಳವನ್ನು ತಿರುಗಿಸಿ ನೋಡಿದ. "ಇಷ್ಟು ಸಣ್ಣ ತೂತು," ಎಂದ.

ಸಾಯಬಣ್ಣ ಅದನ್ನು ಅವನ ಕೈಯಿಂದ ತೆಗೆದುಕೊಂಡ. ತೂತಿನ ಮೇಲೆ ಬೆರಳಾಡಿಸಿದ. ಕೇಳಿದ:

"ಹಂಗಾದ್ರ ಹ್ವಾದ ವರ್ಷದ ಕೂಸು?"

ಮಾರ್ಥಾ ಬಾಯಿಗೆ ಸೆರಗು ಹಿಡಿದಳು. ಜನರೇಟರ್ ಓಡುತ್ತಲೇ ಇತ್ತು.

"ಒಂದು ವರ್ಷ ನಾ ಆ ಓಣಿಗಿ ಹೋಗಿಲ್ಲ ಸಾಹೇಬ್ರ. ಆ ತಾಯಿಗಿ ಮುಖ ತೋರ್ಸಿಲ್ಲ. ನನ್ನ ಕೈಯಾಗ ಶಕ್ತಿ ಇಲ್ದಕ್ಕ ಕೂಸು ಹೋಯ್ತಂತ ತಿಳದಿದ್ದೆ. ಈಗ ಹೋಗ್ತೀನಿ. ಏನಾಗಿತ್ತಂತ ಹೇಳ್ತೀನಿ. ನೀವೂ ಬರ್ರಿ."

ಕಾರ್ಯದರ್ಶಿ ಮಫ್ಲರ್ ಸರಿಮಾಡಿಕೊಂಡ. ಹೊಸ ಅರಗು ತರಲು ಆಫೀಸಿನ ಕಡೆ ನಡೆದ.

ಸಾಯಬಣ್ಣ ಮುಚ್ಚಳವನ್ನು ಝರೆಮ್ಮನ ಕೈಗೆ ಕೊಟ್ಟ. ತೂತಿನಲ್ಲಿ ಉಳಿದ ಅರಗನ್ನು ಅವಳು ಪಿನ್ನಿನಿಂದ ಕೆದಕಿ ತೆಗೆದು, ಟ್ಯಾಂಕಿಗೆ ಹಾಕಿ ತಿರುವಿದಳು. ಅವನು ಶೆಡ್ಡಿನಿಂದ ಹೊರಬಿದ್ದು, ಒಂದು ವರ್ಷದಿಂದ ತಪ್ಪಿಸಿಕೊಂಡಿದ್ದ ಓಣಿಯ ದಾರಿ ಹಿಡಿದ.

ನೀತಿ: ಕೆಲಸ ಮಾಡುವವನ ಮಾತನ್ನು ಸುಳ್ಳೆನ್ನುವ ಮೊದಲು, ಅವನು ಕೆಲಸ ಮಾಡುವ ಹೊತ್ತಿಗೇ ಹೋಗಿ ನಿಂತು ನೋಡಬೇಕು. ಅನುಮಾನಕ್ಕೆ ಮೊಹರು ಒತ್ತುವವರು ಯಾರ ಉಸಿರಿನ ಮೇಲೆ ಒತ್ತುತ್ತಿದ್ದೇವೆ ಎಂದು ನೋಡುವುದಿಲ್ಲ. ಚಳಿಯ ಮೇಲೂ ಬಡವನ ಮೇಲೂ ತಪ್ಪು ಹೊರಿಸುವುದು ಸುಲಭ, ಎರಡೂ ಎದುರು ಮಾತಾಡುವುದಿಲ್ಲ.

ಇದನ್ನು ಓದಿ, ಇನ್ನೊಬ್ಬರಿಗೆ ಕಳಿಸಿ, ಸುಮ್ಮನಾಗಬೇಡಿ. ನಿಮ್ಮೂರಿನ ಆಸ್ಪತ್ರೆಯಲ್ಲೂ ಒಂದು ಜನರೇಟರ್ ಇದೆ. ನಾಳೆಯೇ ಹೋಗಿ. ನಿಮ್ಮ ಕಣ್ಣೆದುರು ಚಾಲೂ ಮಾಡಿಸಿ. ಹನ್ನೊಂದು ಗಂಟೆಗಲ್ಲ, ಬೆಳಗ್ಗೆ ಆರಕ್ಕೆ.