ಕೋಡಿ ಬಿದ್ದ ಸುದ್ದಿ

“ಗುರುಗಳೇ, ಅರಮನೆಯ ಗುಟ್ಟನ್ನು ಬಯಲು ಮಾಡಿ ಪರರಾಜ್ಯದಲ್ಲಿ ಆಶ್ರಯ ಬೇಡಿದವನಿಗೆ ಏನೆನ್ನಬೇಕು? ಉಂಡ ಮನೆಗೆ ಎರಡು ಬಗೆದವನು ಎಂದೇ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಉತ್ತರ ನಿನ್ನ ನಾಲಿಗೆಯ ತುದಿಯಲ್ಲೇ ಇದೆ, ಮತ್ತೆ ನನ್ನನ್ನೇಕೆ ಕೇಳುತ್ತೀಯೆ ಎಂದು ಗುರು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಸಮುದ್ರದಂಥ ಕೆರೆಯಿತ್ತು. ಅದನ್ನು ನೋಡಿಕೊಳ್ಳಲು ರಾಜ ಒಬ್ಬ ಅಧಿಕಾರಿಯನ್ನು ನೇಮಿಸಿದ್ದ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ರಾಜನ ಪರವಾಗಿ ಗಂಗೆಗೆ ಬಾಗಿನ ಕೊಡುವವನೂ ಅವನೇ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ನೀರಿಗೆ ಬಿಡುವಾಗ ಏರಿಯ ತುಂಬ ಜನ. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸಂತೋಷವಿರಲಿಲ್ಲ.

ಒಂದು ಬೇಸಿಗೆಯಲ್ಲಿ ಏರಿಯ ಒಳಮೈ ಕುಸಿದಿರುವುದು ಅವನ ಕಣ್ಣಿಗೆ ಬಿತ್ತು. ರಾಜನಿಗೆ ಅರಿಕೆ ಮಾಡಿದ. ಶತ್ರುವಿಗೆ ತಿಳಿದರೆ ಕೆಟ್ಟೆವು, ಇದು ರಾಜ್ಯದ ಗುಟ್ಟು, ಯುದ್ಧ ಮುಗಿಯಲಿ ನೋಡೋಣ ಎಂದು ರಾಜ ಅವನಿಂದ ಆಣೆ ಹಾಕಿಸಿಕೊಂಡ. ಮಳೆಗಾಲ ಹತ್ತಿರ ಬಂತು. ಏರಿಯ ಕೆಳಗಿನ ಹಳ್ಳಿಗಳಲ್ಲಿ ತಾಯಂದಿರು ತೊಟ್ಟಿಲು ತೂಗುತ್ತಿದ್ದರು. ಅವನಿಗೆ ಅನ್ನ ಸೇರಲಿಲ್ಲ. ಕೊನೆಗೆ ಆಣೆ ಮುರಿದ. ಹಳ್ಳಿ ಹಳ್ಳಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಉಟ್ಟ ಬಟ್ಟೆಯಲ್ಲೇ ಗಡಿ ದಾಟಿ, ನೆರೆಯ ರಾಜನಲ್ಲಿ ಆಶ್ರಯ ಬೇಡಿದ.

ಆ ರಾಜ ಆದರದಿಂದಲೇ ಬರಮಾಡಿಕೊಂಡ. ಪುಕ್ಕಟೆ ಆದರ ಯಾರು ಕೊಡುತ್ತಾರೆ? “ಏರಿ ಎಲ್ಲಿ ಕುಸಿದಿದೆ ಹೇಳು. ಮನೆ ಕೊಡುತ್ತೇನೆ, ಭೂಮಿ ಕೊಡುತ್ತೇನೆ” ಎಂದ.

“ಏರಿ ಕುಸಿದಿದೆ ಎಂಬುದನ್ನು ಅದರ ಕೆಳಗೆ ಮಲಗುವವರಿಗೆ ಹೇಳಿದ್ದೇನೆ, ಪ್ರಭು. ಎಲ್ಲಿ ಎಂಬುದು ತಮಗೆ ಬೇಡ” ಎಂದ ಅಧಿಕಾರಿ.

ಮನೆಯೂ ಹೋಯಿತು, ಭೂಮಿಯೂ ಹೋಯಿತು. ಅವನ ರಾಜನಿಗೆ ಹಿಡಿದುಕೊಟ್ಟರೆ ಶತ್ರುವಿಗೆ ಉಪಕಾರವಾದೀತು ಎಂದು ಊರಾಚೆಯ ಛತ್ರದಲ್ಲಿ ಬಿದ್ದಿರಲು ಬಿಟ್ಟರು.

ಅತ್ತ ಹಳ್ಳಿಯವರು ಅರಮನೆಗೆ ಮುತ್ತಿಗೆ ಹಾಕಿದರು. ರಾಜ ಹೆದರಿದ. ಕೆರೆಯ ಬಳಿ ಯಾರೂ ಸುಳಿಯದಂತೆ ಕಾವಲಿಟ್ಟು, ಸದ್ದಿಲ್ಲದೆ ಏರಿಗೆ ತೇಪೆ ಹಾಕಿಸಿದ. ಏರಿ ಎಂದೂ ಕುಸಿದೇ ಇರಲಿಲ್ಲ ಎಂದು ಡಂಗುರ ಸಾರಿಸಿದ. ಮಳೆ ಬಂತು, ಕೆರೆ ತುಂಬಿತು, ಏರಿ ಅಲುಗಲಿಲ್ಲ. ಜನ ಡಂಗುರವನ್ನೇ ನಂಬಿದರು.

ವರ್ಷಗಳು ಕಳೆದವು. ಅಧಿಕಾರಿಗೆ ಊರಿನ ಹಂಬಲ ಬಿಡಲಿಲ್ಲ. ಏರಿಯ ಮೇಲಿನ ಗಾಳಿ, ತೂಬಿನಲ್ಲಿ ನೀರು ಹೊರಳುವ ಸದ್ದು, ಬಾಗಿನದ ದಿನ ಹೆಂಗಸರು ಹಾಡುತ್ತಿದ್ದ ಹಾಡು, ಎಲ್ಲ ನೆನಪಾಗಿ ಕಣ್ಣು ತುಂಬುತ್ತಿತ್ತು. ಆ ಕಡೆಯಿಂದ ಬಂದವರನ್ನೆಲ್ಲ ಅವನು ಕೇಳುತ್ತಿದ್ದುದು ಒಂದೇ ಮಾತು: ಕೆರೆ ಕೋಡಿ ಬಿತ್ತೇ?

ಒಮ್ಮೆ ಒಬ್ಬ ವ್ಯಾಪಾರಿ ಹೇಳಿದ: “ಬಿತ್ತು. ಏರಿ ಗಟ್ಟಿಯಾಗಿ ನಿಂತಿದೆ. ಅದಕ್ಕೇ ನಿನ್ನನ್ನು ಸುಳ್ಳುಗಾರ ಎನ್ನುತ್ತಾರೆ. ಒಂದು ಸಲ ಒಡೆಯಲಿ ನೋಡು, ಪಲ್ಲಕ್ಕಿ ಕಳಿಸಿ ಕರೆಸಿಕೊಳ್ಳುತ್ತಾರೆ.”

ಅಧಿಕಾರಿ ಎದ್ದ. ಛತ್ರದ ಹಿಂದಿನ ಕೊಳಕ್ಕೆ ಹೋದ. ಹಳೆಯ ಮೊರದಲ್ಲಿ ಚಿಟಿಕೆ ಅರಿಸಿನ, ಎರಡು ಬಳೆ ಇಟ್ಟು, ಊರಿನ ದಿಕ್ಕಿಗೆ ಮುಖ ಮಾಡಿ ನೀರಿಗೆ ಬಿಟ್ಟು ಕೈ ಮುಗಿದ. ಬದುಕಿರುವಷ್ಟು ಕಾಲ ಪ್ರತಿ ಮಳೆಗಾಲದಲ್ಲೂ ಹಾಗೇ ಮಾಡಿದ.

ಗುರು ಕತೆ ನಿಲ್ಲಿಸಿದರು.

“ನನ್ನನ್ನು ಊರು ಮುಟ್ಟಿಸು ಎಂದು ಬೇಡಿಕೊಂಡಿರಬೇಕು, ಪಾಪ” ಎಂದ ಶಿಷ್ಯ.

“ಇಲ್ಲ ಮಗು. ಗಂಗಮ್ಮ ತಾಯಿ, ನಾನು ಸುಳ್ಳುಗಾರನಾಗಿಯೇ ಸಾಯುವಂತೆ ಮಾಡು ಎಂದು ಬೇಡಿಕೊಂಡ.”